ಕಪ್ಪು ಪರದೆಗೆ ಬಣ್ಣ ಯಾಕೆ ಅಂದಿದ್ದೆ

ಎರಡು ಕಂಪ್ಯೂಟರಿಗೂ ಸೇರಿಸಿ ಒಂಬತ್ತು ಸಾವಿರ ಕೊಟ್ಟೆ. ಅವರು ಹೇಳಿದ್ದು ಹದಿನಾಲ್ಕು. ಹಾಸನದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಬಾಗಿಲು ಹಾಕುತ್ತಿತ್ತು. ಬಾಗಿಲು ಹಾಕುವವನ ಹತ್ತಿರ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಬೇಕು; ಹಸಿದವನು ಬೇಗ ಒಪ್ಪುತ್ತಾನೆ. ಬೆಲೆ ಇಳಿಯಲು ಇನ್ನೊಂದು ಕಾರಣವೂ ಇತ್ತು. ಎರಡೂ ಅವಳಿಜವಳಿ. ಒಂದೇ ಬೂದು ಪೆಟ್ಟಿಗೆ, ಒಳಗೆ ತುಂಬಿದ್ದು ಒಂದರ ನಕಲು ಇನ್ನೊಂದರಲ್ಲಿ, ಕೊನೆಗೆ ಹೆಸರು ಕೂಡ ಒಂದೇ: ಎರಡಕ್ಕೂ ‘ಲ್ಯಾಬ್’ ಎಂದಿತ್ತು. "ಜೋಡಿ ಒಡೆದರೆ ನಿಮಗೆ ಇಬ್ಬರು ಗಿರಾಕಿ ಬೇಕಾಗ್ತಾರೆ, ನಾನೊಬ್ಬನೇ ತಗೊಂಡು ಹೋಗ್ತೀನಿ" ಅಂದೆ. ಆ ಮಾತಿಗೆ ಎರಡು ಸಾವಿರ ಇಳಿಯಿತು. ಆ ಎರಡು ಸಾವಿರ ಉಳಿಸಿದ ಸಂತೋಷವನ್ನು ಬಹಳ ದಿನ ಅನುಭವಿಸಿದೆ. ಈಗ ಆ ಜೋಡಿಯೆಂಬ ಮಾತು ನೆನಪಾದರೆ ಬಾಯಿ ಕಹಿಯಾಗುತ್ತದೆ.

ಬೆಲೆ ಇನ್ನು ಇಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸುಮ್ಮನೆ ಎದ್ದು ಬರಬಾರದು, ಜೊತೆಗೆ ಏನಾದರೂ ಕೇಳಬೇಕು. ನಾನು ವಿದ್ಯೆ ಕೇಳಿದೆ. ಅಲ್ಲಿದ್ದ ಮೇಷ್ಟ್ರು ಮೂರು ದಿನ ಪುಕ್ಕಟೆಯಾಗಿ ಕಲಿಸಿದರು. ಆ ಪೆಟ್ಟಿಗೆಗಳಲ್ಲಿ ಇದ್ದದ್ದು ದುಡ್ಡು ಕೊಟ್ಟು ತರುವ ಮಾಮೂಲಿ ವ್ಯವಸ್ಥೆಯಲ್ಲ, ಉಚಿತವಾಗಿ ಸಿಗುವ ಲಿನಕ್ಸು. ಅದರಲ್ಲಿ ಶೆಲ್ ಅನ್ನುವುದೊಂದಿದೆ. ನೀವು ನೋಡಿರದಿದ್ದರೆ ಹೇಳುತ್ತೇನೆ: ಮೌಸಿನಿಂದ ಒತ್ತಲು ಚಿತ್ರಗಿತ್ರ ಏನೂ ಇರುವುದಿಲ್ಲ. ಕಪ್ಪು ಪರದೆ. ಎಡಗಡೆ ಆ ಯಂತ್ರದ ಹೆಸರು, ಅದರ ಮುಂದೆ ಮಿಟುಕುವ ಒಂದು ಗೆರೆ. ನೀವು ಅಪ್ಪಣೆಯನ್ನು ಅಕ್ಷರದಲ್ಲಿ ಬರೆದು ಎಂಟರ್ ಒತ್ತಬೇಕು. ಹೇಳಿದ್ದು ಮಾಡುತ್ತದೆ, ಮಾಡಿ ಮುಗಿಸಿದರೆ ಮುಗಿಸಿದೆ ಎಂದೂ ಹೇಳುವುದಿಲ್ಲ. ಸುಮ್ಮನೆ ಮತ್ತೆ ಗೆರೆ ಮಿಟುಕಿಸುತ್ತದೆ. ಇಂಥ ಆಳು ಸಿಕ್ಕರೆ ಯಾವ ಯಜಮಾನನಿಗೆ ಬೇಡ? ನನಗೆ ನೋಡಿದ ಕೂಡಲೇ ಹಿಡಿಸಿತು.

"ಹೆಸರುಗಳನ್ನ ಬದಲಾಯಿಸ್ಕೊಳ್ಳಿ. ಬೇಕಾದರೆ ಬಣ್ಣಾನೂ ಹಾಕ್ಕೋಬಹುದು. ಶೆಲ್ ಅಂದರೆ ಖಾಲಿ ಸೈಟ್ ಇದ್ದ ಹಾಗೆ, ಮನೆ ನೀವು ಕಟ್ಕೋಬೇಕು" ಎಂದು ಮೇಷ್ಟ್ರು ಮೂರನೆಯ ದಿನ ಹೇಳಿದರು. ಹೂಂ ಅಂದು ಬಂದೆ. ಪುಕ್ಕಟೆ ಸಿಕ್ಕ ವಿದ್ಯೆಯ ಕೊನೆಯ ಪಾಠವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಬಣ್ಣದ ಮೇಲೆ ನನಗೆ ಅಪನಂಬಿಕೆ ಬಂದದ್ದು ಸಂತೆಯಲ್ಲಿ. ನಾವು ಹಾರನಹಳ್ಳಿಯವರು. ಅವ್ವ ಅರಸೀಕೆರೆ ಸಂತೆಯಲ್ಲಿ ಮೆಣಸಿನಕಾಯಿ ಮೂಟೆ ಕೊಂಡು ಹಳ್ಳಿಯಲ್ಲಿ ಸೇರಿನ ಲೆಕ್ಕದಲ್ಲಿ ಮಾರುತ್ತಿದ್ದಳು. ಮೂಟೆಯ ಮೇಲೆ ಯಾವಾಗಲೂ ಕೆಂಪಗೆ ಹೊಳೆಯುವ ಕಾಯಿ, ತಳದಲ್ಲಿ ಬಿಳಿಚಿದ್ದು, ಬೂಸ್ಟು ಹಿಡಿದದ್ದು. ನನ್ನ ತೋಳು ಸಣ್ಣದಾದ್ದರಿಂದ ಅವ್ವ ನನ್ನ ಕೈಯನ್ನೇ ಮೂಟೆಯೊಳಗೆ ಭುಜದವರೆಗೆ ಇಳಿಸಿ ತಳದ ಕಾಯಿ ತೆಗೆಸುತ್ತಿದ್ದಳು. "ಮೇಲಿಂದು ಎಲ್ಲಾರಿಗೂ ನಗ್ತದೆ ಕಣ್ಲಾ. ತಳದ್ದು ಏನಂತದೆ ಕೇಳು" ಅನ್ನುವಳು. ತಳದ್ದು ಏನನ್ನುತ್ತಿತ್ತೋ, ನನ್ನ ತೋಳಂತೂ ಸಂಜೆಯವರೆಗೂ ಉರಿಯುತ್ತಿತ್ತು. ಮರೆತು ಕಣ್ಣುಜ್ಜಿಕೊಂಡು ರೈಲ್ವೆ ಸ್ಟೇಷನ್ನಿನ ನಲ್ಲಿಯ ಕೆಳಗೆ ತಲೆಯಿಟ್ಟು ಕೂತ ಸಂತೆಗಳೆಷ್ಟೋ. ಅಂಥ ಶಾಲೆಯಲ್ಲಿ ಕಲಿತವನಿಗೆ ಹೊಳೆಯುವುದನ್ನು ಕಂಡರೆ ಮೊದಲು ತೋಳು ಉರಿಯುತ್ತದೆ.

ಅರಸೀಕೆರೆಯಲ್ಲಿ ನನ್ನದೊಂದು ಅಂಗಡಿ: ಜೆರಾಕ್ಸು, ಅರ್ಜಿ ತುಂಬುವುದು, ಹಳೆ ಕಂಪ್ಯೂಟರ್ ಕೊಂಡು ಮಾರುವುದು. ಬೋರ್ಡು ಕೂಡ ಹಳೆಯದೇ. ಹಿಂದಿನವನ ಹೆಸರಿನ ಮೇಲೆ ಸುಣ್ಣದಂಥ ಬಿಳಿ ಬಳಿಸಿ ನನ್ನದನ್ನು ಬರೆಸಿದೆ. ಬಿಸಿಲು ಬಿದ್ದಾಗ ಅವನ ಹೆಸರು ಕೆಳಗಿನಿಂದ ಎದ್ದು ಬರುತ್ತದೆ. ಕೆಲವರು ನನ್ನನ್ನು ಅವನ ಹೆಸರಿನಿಂದಲೇ ಕೂಗುತ್ತಾರೆ. ಓಗೊಡುತ್ತೇನೆ, ಹೊಸ ಬೋರ್ಡಿಗಿಂತ ಅಗ್ಗ.

ಜೋಡಿಯಲ್ಲಿ ಒಂದನ್ನು ಅಂಗಡಿಯಲ್ಲಿ ಇಟ್ಟುಕೊಂಡೆ. ಇನ್ನೊಂದನ್ನು ಬೇಲೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ನಿಂಗರಾಜನಿಗೆ ಲಾಭವಿಲ್ಲದೆ, ಅಸಲಿಗೇ ಕೊಟ್ಟೆ. ಅಷ್ಟರಮಟ್ಟಿಗೆ ಅವನು ಗೆಳೆಯ.

ನಿಂಗರಾಜ ಗುಡಿ ನೋಡಲು ಬರುವವರ ಫೋಟೋ ಹಿಡಿಯುತ್ತಿದ್ದವನು. ಎಲ್ಲರ ಕೈಗೂ ಫೋನು ಬಂದ ಮೇಲೆ ಆ ಕಸುಬು ಹೋಯಿತು. ಉಳಿದದ್ದು ಪಾಸ್‌ಪೋರ್ಟ್ ಸೈಜು. ಕಾರ್ಡಿಗೆ, ಅರ್ಜಿಗೆ, ಬ್ಯಾಂಕಿಗೆ ಸುತ್ತಲಿನ ಹಳ್ಳಿಯವರೆಲ್ಲ ಅವನ ನೀಲಿ ಪರದೆಯ ಮುಂದೆ ಒಂದು ಸಲವಾದರೂ ಉಸಿರು ಬಿಗಿಹಿಡಿದು ಕೂತವರೇ. ಅವನು ಒಂದನ್ನೂ ಅಳಿಸುತ್ತಿರಲಿಲ್ಲ. ಯಾಕೆಂದರೆ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನದ ತಿಥಿಗೆ ದೊಡ್ಡ ಫೋಟೋ ಆಗಬೇಕು. ಹಾರ ಹಾಕಿ, ಮುಂದೆ ಎಡೆ ಇಡಬೇಕು. ಎಷ್ಟೋ ಮನೆಯಲ್ಲಿ, ಅದರಲ್ಲೂ ಬಿಕ್ಕೋಡು ಕಡೆಯ ಕಾಫಿ ತೋಟದ ಕೂಲಿಯವರ ಲೈನುಮನೆಗಳಲ್ಲಿ, ಮನುಷ್ಯನ ಮುಖ ಬೇರೆಲ್ಲೂ ಇರುವುದಿಲ್ಲ. ಇದ್ದರೂ ಯಾವುದೋ ಕಾರ್ಡಿನ ಮೇಲೆ ಹೆಬ್ಬೆಟ್ಟಿನ ಮಸಿಯಷ್ಟು. ಆಗ ನಿಂಗರಾಜನ ಹತ್ತಿರ ಬರುತ್ತಾರೆ. ಅವನು ಊರಿನ ಹೆಸರು ಹಿಡಿದು ಹುಡುಕಿ, ಹಿಗ್ಗಿಸಿ, ಚೌಕಟ್ಟು ಹಾಕಿಸಿಕೊಡುತ್ತಾನೆ. ತಾನು ಬುದ್ಧನ ಪಟದ ಕೆಳಗೆ ಕೂತು ಕೆಲಸ ಮಾಡುವವನು, ತಿಥಿಗಿಥಿ ಮಾಡದ ಮನೆಯವನು. ಆದರೂ ತಿಥಿಯ ಫೋಟೋಗೆ ಒಂದು ದಿನವೂ ತಡಮಾಡಿದವನಲ್ಲ.

ಅವನ ಹೆಂಡತಿ ಸಾವಿತ್ರಿಗೆ ನಾನೇ ಶೆಲ್ ಕಲಿಸಿದೆ. ನನಗಿಂತ ಬೇಗ ಕಲಿತಳು. ಒಂದು ವಾರ ಕಪ್ಪು ಪರದೆ ನೋಡಿದ ಮೇಲೆ ಕೇಳಿದಳು: "ಅಣ್ಣ, ಇದನ್ನ ಮಾಡಿದೋರು ಮೊದಲೇ ಒಂಚೂರು ಚೆಂದ ಮಾಡಿ ಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು? ಹೆಸರಿಗೊಂದು ಬಣ್ಣ, ಫೋಲ್ಡರಿಗೊಂದು ಬಣ್ಣ. ಅಳಿಸೋ ಮುಂಚೆ, ನೀನು ಇಂಥ ಕಡೆ ಕೂತಿದೀಯಮ್ಮ ಅಂತ ಒಂದು ಮಾತು."

"ಚೆಂದ ಬೇಕಾದೋರು ಮಾಡ್ಕೋತಾರೆ ಕಣಮ್ಮ. ಅಂಗಡಿಯವನು ಎಲ್ಲಾರ ತಲೆಗೂ ಹೂ ಮುಡಿಸಿ ಕಳಿಸ್ತಾನಾ?"

"ಮಾಡ್ಕೊಳ್ಳಕ್ಕೆ ಗೊತ್ತಿರೋರು ಹೆಂಗಾರಾ ಮಾಡ್ಕೋತಾರಣ್ಣ. ಗೊತ್ತಿಲ್ದೋರಿಗೇ ಅಲ್ವಾ ಮೊದಲೇ ಮಾಡಿ ಕೊಡಬೇಕಾಗಿರೋದು?"

ನಿಂಗರಾಜ ಕ್ಯಾಮೆರಾ ಒರೆಸುತ್ತಾ ನಕ್ಕ. "ಅವನಿಗೇನ್ ಹೇಳ್ತೀಯ ಬುಡು. ಆವತ್ತು ಗುಡಿ ಕಟ್ಟೋವಾಗ ಇವನು ಮೇಸ್ತ್ರಿ ಆಗಿದ್ದಿದ್ರೆ ಬೇಲೂರಲ್ಲಿ ಬರೀ ನಾಲ್ಕು ಗೋಡೆ ಇರೋದು. ಕೆತ್ತನೆ ಬೇಕಾದೋರು ಉಳಿ ತಂದು ಕೆತ್ಕೊಳ್ಳಿ ಅಂತಿದ್ದ."

"ಹಳೇಬೀಡಲ್ಲಿ ಗೋಪುರಾನೇ ಇಲ್ವಲ್ಲೋ, ಅಲ್ಲಿಗೆ ಜನ ಹೋಗಲ್ವಾ?" ಅಂದೆ.

"ಹೋಗ್ತಾರೆ. ಹೋಗಿ, ಅಯ್ಯೋ ಗೋಪುರ ಇಲ್ವಲ್ಲ ಅಂತಾರೆ ಕಣ್ಲಾ."

ಮೂವರೂ ನಕ್ಕೆವು. ಗೆದ್ದವನು ನಾನೇ ಎಂದುಕೊಂಡು ಬಸ್ಸು ಹತ್ತಿದೆ.

ನನ್ನ ಪಕ್ಷಕ್ಕೂ ನ್ಯಾಯವಿತ್ತು, ಇಲ್ಲವೆನ್ನುವುದಿಲ್ಲ. ಬರಿಯ ಶೆಲ್ ಎಲ್ಲಿ ಹೋದರೂ ಒಂದೇ ಥರ. ಯಾರ ಯಂತ್ರದ ಮುಂದೆ ಕೂತರೂ ಕೈ ತಡವರಿಸುವುದಿಲ್ಲ. ಹಳೆಯ ಪೆಟ್ಟಿಗೆಗೆ ಭಾರವಿಲ್ಲ. ಒಬ್ಬನಿಗೆ ಚೆಂದ ಕಂಡ ಬಣ್ಣ ಇನ್ನೊಬ್ಬನ ಕಣ್ಣಿಗೆ ಚುಚ್ಚುತ್ತದೆ. ಈಗೀಗ ಕೆಲವು ಬಣ್ಣದೊಂದಿಗೇ ಬರುತ್ತವಂತೆ. ನನ್ನ ಕೈಗೆ ಸಿಕ್ಕ ಜೋಡಿ ಬಂದಿರಲಿಲ್ಲ. ಈ ವಾದವನ್ನೆಲ್ಲ ಈಗಲೂ ಒಪ್ಪುತ್ತೇನೆ. ವಾದ ಸರಿಯಿದ್ದೂ ಮನುಷ್ಯ ಹಾಳಾಗಬಹುದು.

ಸ್ಟುಡಿಯೋದ ಆ ಫೋಟೋಗಳಿಗೆ ನಾನೊಂದು ಏರ್ಪಾಟು ಮಾಡಿದ್ದೆ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಅರಸೀಕೆರೆಯ ಪೆಟ್ಟಿಗೆ ತಾನಾಗಿಯೇ ಬೇಲೂರಿನ ಪೆಟ್ಟಿಗೆಯನ್ನು ಇಂಟರ್ನೆಟ್ಟಿನಲ್ಲಿ ಇಣುಕಿ ನೋಡಿ, ಅಲ್ಲಿ ಇದ್ದಂತೆಯೇ ಇಲ್ಲಿಯೂ ಮಾಡಿಕೊಳ್ಳಬೇಕು. ಅಲ್ಲಿ ಇದ್ದದ್ದು ಇಲ್ಲಿಗೆ ಬರಬೇಕು, ಅಲ್ಲಿ ಇಲ್ಲದ್ದು ಇಲ್ಲಿಂದಲೂ ಹೋಗಬೇಕು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಇರುತ್ತದೆ ಎಂದು ಧೈರ್ಯ. ಒಂದು ಸಲ ನನ್ನ ಪೆಟ್ಟಿಗೆಯಲ್ಲಿ ಜಾಗ ತುಂಬಿ ಈ ಏರ್ಪಾಟು ಕೆಲವು ದಿನ ನಿಂತುಹೋಯಿತು. ಅರಸೀಕೆರೆಯ ಹಳೆ ನಕಲನ್ನು ಪೂರ್ತಿ ಅಳಿಸಿಬಿಟ್ಟರೆ ಎರಡು ಗಂಟೆಗೆ ಬೇಲೂರಿನಿಂದ ಹೊಸದಾಗಿ ಬಂದು ಕೂರುತ್ತದೆ ಎಂದು ಲೆಕ್ಕ ಹಾಕಿದೆ.

ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು. ಒಂದು ಅರಸೀಕೆರೆಯದು, ಇನ್ನೊಂದು ಬೇಲೂರಿನದು. ಬೇಲೂರಿನಲ್ಲಿ ಎಲ್ಲ ನೆಟ್ಟಗಿದೆಯೇ ಎಂದು ನೋಡಲು ಇಂಟರ್ನೆಟ್ಟಿನಲ್ಲಿ ತೆರೆದದ್ದು; ಅದರಲ್ಲಿ ಬರೆದ ಅಪ್ಪಣೆ ನೇರ ಬೇಲೂರಿನ ಪೆಟ್ಟಿಗೆಗೇ ಹೋಗುತ್ತದೆ. ಎರಡರಲ್ಲೂ ‘ಲ್ಯಾಬ್’, ಎರಡರಲ್ಲೂ ಬಿಳಿ ಅಕ್ಷರ, ಎರಡರಲ್ಲೂ ಮಿಟುಕುವ ಗೆರೆ. ನಡುವೆ ಯಾರೋ ಅರ್ಜಿಗೆಂದು ಬಂದರು. ಬರೆದುಕೊಟ್ಟು ಬಂದು ಕೂತೆ. ಫೋಟೋ ಫೋಲ್ಡರಿನ ಒಳಗಿರುವುದನ್ನೆಲ್ಲ ಅಳಿಸು ಎಂದು ಬರೆದು ಎಂಟರ್ ಒತ್ತಿದೆ. ಗೆರೆ ಮಿಟುಕಿತು. ಕೆಲಸವಾಯಿತೆಂದು ಎದ್ದು, ಒಂದು ಹಳೆ ಪ್ರಿಂಟರಿನ ವ್ಯಾಪಾರಕ್ಕೆ ಹೋದೆ.

ಅಪ್ಪಣೆ ಕೊಟ್ಟದ್ದು ಬೇಲೂರಿನ ಕಿಟಕಿಯಲ್ಲಿ.

ಪ್ರಿಂಟರಿನವನು ಜಿಗುಟು. ಮಾತು ಹದಕ್ಕೆ ಬರುವಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಚೌಕಾಸಿ ನಡೆಯುವಾಗ ಫೋನು ಎತ್ತಬಾರದು, ಎತ್ತಿದವನಿಗೆ ಬೇರೆ ಅವಸರವಿದೆಯೆಂದು ಎದುರಿನವನಿಗೆ ತಿಳಿದುಬಿಡುತ್ತದೆ. ಇದನ್ನು ನಾನು ಎಷ್ಟು ಜನಕ್ಕೆ ಕಲಿಸಿಲ್ಲ! ಮೂರು ಸಲ ಹೊಡೆದುಕೊಂಡಿತು. ಮೂರು ಸಲವೂ ಜೇಬಿನ ಮೇಲಿನಿಂದಲೇ ಅದರ ಬಾಯಿ ಮುಚ್ಚಿಸಿದೆ. ಪ್ರಿಂಟರು ಹೇಳಿದ್ದರ ಅರ್ಧಕ್ಕೆ ಬಂತು. ಹೊರಗೆ ಬಂದು ನೋಡಿದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಮೂರು ಕರೆಯೂ ನಿಂಗರಾಜನವು, ಮೂರೂ ಎರಡಕ್ಕೆ ಮುಂಚೆ ಬಂದವು. ತಿರುಗಿ ಫೋನು ಮಾಡಿದೆ.

"ಏನ್ಲಾ, ಎಲ್ಲಿ ಸತ್ತಿದ್ದೆ? ಪೆಟ್ಟಿಗೇಲಿ ಒಂದು ಫೋಟೋನೂ ಇಲ್ಲ. ಬಿಕ್ಕೋಡಿಂದ ಪುಟ್ಟಮ್ಮ ಅಂತ ಒಬ್ರು ಬಂದು ಕೂತವ್ರೆ. ಯಜಮಾನ್ರು ಹೋಗಿ ಆರು ದಿನ ಆಗೈತಂತೆ."

"ಗಾಬರಿ ಬೀಳಬೇಡ ಮಾರಾಯ. ನಾನು ನಕಲು ಇಟ್ಟಿರೋದು ಯಾಕೆ?" ಅಂದೆ. ನನ್ನ ನಕಲನ್ನು ಆಗಲೇ ಅಳಿಸಿದ್ದೇನೆಂದು ನಾನೇ ನಂಬಿದ್ದೆ ಎಂಬುದು ಮಾತು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಹಾಗಾದರೆ ಬೇಲೂರಿನದು ಹೋದದ್ದು ಹೇಗೆ? ಓಡಿದೆ. ಅಂಗಡಿಗೆ ಬಂದು, ಫೋಟೋಗಳ ಪಟ್ಟಿ ತೋರಿಸು ಎಂದು ಬರೆದೆ. ಗೆರೆ ಮಿಟುಕಿತು.

ನಡೆದದ್ದು ಇಷ್ಟೇ. ಎರಡು ಗಂಟೆಗೆ ಅರಸೀಕೆರೆಯ ಪೆಟ್ಟಿಗೆ, ನಾನೇ ಕಲಿಸಿದ ಹಾಗೆ, ಬೇಲೂರನ್ನು ಇಣುಕಿ ನೋಡಿತು. ಅಲ್ಲಿ ಏನೂ ಇರಲಿಲ್ಲ. ವಿಧೇಯವಾಗಿ ಇಲ್ಲಿಯೂ ಏನೂ ಇಲ್ಲದಂತೆ ಮಾಡಿಕೊಂಡಿತು. ಮೊದಲನೆಯ ಕರೆಗೆ ಫೋನು ಎತ್ತಿದ್ದರೆ ಇಲ್ಲಿನ ಹಳೆಯ ನಕಲಾದರೂ ಉಳಿಯುತ್ತಿತ್ತು.

ಜಾವಗಲ್, ಹಳೇಬೀಡು ದಾಟಿ ಬೇಲೂರು ಮುಟ್ಟುವವರೆಗೆ, ಅಂಗಡಿಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತು ಒಂದೇ ಯೋಚನೆ. ಈ ಜನ್ಮದಲ್ಲಿ ನಾನು ಯಾವ ಅಂಗಡಿಯವನೂ ಹೇಳಿದ ಮೊದಲ ಬೆಲೆಗೆ ಒಪ್ಪಿದವನಲ್ಲ. ಮೊದಲ ಬೆಲೆಗೆ ಒಪ್ಪುವವನು ದಡ್ಡ ಎಂದು ಊರಿಗೆಲ್ಲ ಸಾರಿದವನು. ಶೆಲ್ ಮಾಡಿದವರು ಮುಂದಿಟ್ಟ ಆ ಬೋಳು ಪರದೆಯೂ ಅವರ ಮೊದಲ ಬೆಲೆಯೇ ಅಲ್ಲವೆ? ಬೇಕಾದವನು ಬದಲಾಯಿಸಿಕೊಳ್ಳಲಿ ಎಂದು ಅವರು ಬಿಟ್ಟದ್ದು. ಅಲ್ಲಿ ಮಾತ್ರ ನಾನು ಬಾಯಿ ಬಿಡದೆ ಒಪ್ಪಿಬಿಟ್ಟಿದ್ದೆ, ಅದೂ ಹೆಮ್ಮೆಯಿಂದ. ಜಗತ್ತಿನ ಬುದ್ಧಿವಂತರೆಲ್ಲ ಸೇರಿ ಮಾಡಿದ್ದಕ್ಕೆ ಒಂದು ಎಚ್ಚರಿಕೆಯ ಬಣ್ಣ ಹಾಕಿ ಕೊಡಲು ಆಗಲಿಲ್ಲವಲ್ಲ ಎಂದು ಅವರನ್ನೂ ಬೈದೆ. ಬೈಗುಳ ಹಳೇಬೀಡಿನವರೆಗೆ ಬಂತು. ಆಮೇಲೆ ನನ್ನ ಜೊತೆ ನಾನೊಬ್ಬನೇ ಉಳಿದೆ.

ಪುಟ್ಟಮ್ಮ ಇನ್ನೂ ಸ್ಟುಡಿಯೋದ ಬೆಂಚಿನ ಮೇಲೆ ಕೂತಿದ್ದಳು. ತೋಟದ ಕೆಲಸದವಳು, ಐವತ್ತರ ಮೇಲಿನವಳು. ಗಂಡ ರಂಗಯ್ಯ ಅದೇ ತೋಟದಲ್ಲಿ ಮರ ಸವರುವವನು. ಒಂದೇ ಒಂದು ಸಲ, ಯಾವುದೋ ಕಾರ್ಡಿಗೆಂದು, ಇದೇ ನೀಲಿ ಪರದೆಯ ಮುಂದೆ ಕೂತಿದ್ದನಂತೆ. ಆ ಕಾರ್ಡಿನಲ್ಲಿ ಈಗ ಕಾಣುವುದು ಎರಡು ಕಿವಿ ಮಾತ್ರ.

"ನೀವೇನಾ ಅರಸೀಕೆರೆ ಅಣ್ಣ? ಇನ್ನೈದು ದಿನ ಐತೆ. ಹುಡುಕಿ. ನಾನು ಮತ್ತೆ ಬತ್ತೀನಿ" ಅಂದಳು. ಬೈದಿದ್ದರೆ ಉತ್ತರ ಕೊಡುವುದು ನನಗೆ ಗೊತ್ತಿತ್ತು.

ಅಳಿಸಿಹೋದದ್ದನ್ನು ತೆಗೆದುಕೊಡುವವನೊಬ್ಬ ಹಾಸನದಲ್ಲಿದ್ದ. ಪೆಟ್ಟಿಗೆಗಳನ್ನು ಅಂದೇ ಕೊಂಡೊಯ್ದೆ. ಅವನು ಹೇಳಿದ ಬೆಲೆಯನ್ನು ಹೇಳಿದಂತೆಯೇ ಕೊಟ್ಟೆ; ಅವನಿಗೇ ಅನುಮಾನ ಬಂದು ನನ್ನ ಮುಖ ನೋಡಿದ. ನಾಲ್ಕನೆಯ ದಿನ ಒಂದಿಷ್ಟು ಮುಖಗಳು ಬಂದವು. ಹೆಸರಿಲ್ಲ, ಊರಿಲ್ಲ. ಕೆಲವಕ್ಕೆ ಮೂಗಿನ ಕೆಳಗೆ ಬರೀ ಬೂದಿ ಬಣ್ಣ.

ಪುಟ್ಟಮ್ಮ ಬಂದು ಸಾವಿತ್ರಿಯ ಪಕ್ಕ ಕೂತಳು. ಸಾವಿತ್ರಿ ಒಂದೊಂದೇ ಮುಖ ಮುಂದೆ ತಳ್ಳುತ್ತಾ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇದು ಅಲ್ಲ... ಇದೂ ಅಲ್ಲ... ತಡೀರಿ, ಇದು ನಮ್ಮ ಲೈನಿನ ಕಾಳಿ. ಕಾಳಮ್ಮ ಅಂತ ಬರ್ಕೊಳ್ಳಿ, ಬಿಕ್ಕೋಡು. ಇವನು ಅವಳ ಮೈದುನ. ಹೆಸರು ಮರ್ತೋಯ್ತು, ಗೂಳಿ ಅಂತ ಕೂಗೋದು."

"ಗೂಳಿ ಅಂತ ಬರ್ಕೊಳ್ಳಾದಾ ಅಕ್ಕ?"

"ಬರ್ಕೊಳ್ಳಿ. ಅವನೇನು ನೋಡಾಕೆ ಬತ್ತಾನಾ?"

ಇಬ್ಬರೂ ನಕ್ಕರು. ಹಾಗೆ ನಗುತ್ತಾ, ನಿಲ್ಲಿಸುತ್ತಾ, ಪುಟ್ಟಮ್ಮ ನಲವತ್ತೋ ಐವತ್ತೋ ಅನಾಥ ಮುಖಗಳಿಗೆ ಹೆಸರು ಕೊಟ್ಟಳು. ಸಾವಿತ್ರಿ ಬರೆದುಕೊಂಡಳು. ಮುಖಗಳು ಮುಗಿದವು. ರಂಗಯ್ಯ ಬರಲಿಲ್ಲ.

"ಇನ್ನೊಂದು ಸಲ ನೋಡಾಣ" ಅಂದಳು. ಇನ್ನೊಂದು ಸಲ ನೋಡಿದರು.

ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನನ್ನು ಕೇಳಿದಳು: "ಅಲ್ಲ ಕಣಣ್ಣ, ಹೆಂಗ್ ತಪ್ಪೋಯ್ತು ಇದು?"

ಎರಡು ಪೆಟ್ಟಿಗೆ, ಎರಡಕ್ಕೂ ಒಂದೇ ಹೆಸರು, ಒಂದೇ ರೀತಿ, ಯಾವುದು ಯಾವುದೆಂದು ತಿಳಿಯಲಿಲ್ಲ ಎಂದು ನನಗೆ ಬಂದಂತೆ ಹೇಳಿದೆ.

"ಕಾಫಿ ಹಣ್ಣು ಕುಯ್ದು ತೂಕಕ್ಕೆ ತರೋವಾಗ ನಮ್ಮವೂ ಎಲ್ಲಾ ಒಂದೇ ಚೀಲ. ಅದ್ಕೇ ಒಬ್ಬೊಬ್ರು ಚೀಲದ ಬಾಯಿಗೆ ಒಂದೊಂದು ಬಣ್ಣದ ಸೀರೆ ಚಿಂದಿ ಕಟ್ಟಿರ್ತೀವಿ. ನಂದು ಕೆಂಪು. ಹೊಸದಾಗಿ ಬಂದ ಹೆಣ್ಣಾಳಿಗೆ ನಾವೇ ಕಟ್ಟಿಕೊಡ್ತೀವಿ, ಅವಳಿಗೇನು ಗೊತ್ತಿರ್ತದೆ? ನಿಮ್ಮಲ್ಲಿ ಅಷ್ಟು ಓದಿರೋರು ಮಾಡಿರೋದ್ರಲ್ಲಿ ಒಂದು ಚಿಂದಿನೂ ಇರಲಿಲ್ವಾ?"

"ಇತ್ತು. ಕಟ್ಕೊಳ್ಳಿ ಅಂತ ಹೇಳಿದ್ರು. ಇವಳೂ ಕೇಳಿದ್ಲು" ಎಂದು ಸಾವಿತ್ರಿಯ ಕಡೆ ನೋಡಿದೆ. ಸಾವಿತ್ರಿ ಪರದೆ ನೋಡುತ್ತಿದ್ದಳು.

"ಮತ್ತೆ?" ಅಂದಳು ಪುಟ್ಟಮ್ಮ.

ಬಸ್ಸಿನ ಹೊತ್ತಾಯಿತೆಂದು ಹೋದಳು.

ತಿಥಿಗೆ ನಿಂಗರಾಜ ಹೋಗಿದ್ದ. ಕರೆಯದಿದ್ದರೂ ನಾನೂ ಹೋದೆ. ಫೋಟೋ ಇರಬೇಕಾದ ಕಡೆ ಮಣೆಯ ಮೇಲೆ ರಂಗಯ್ಯನ ಟವೆಲ್ಲನ್ನು ಮಡಿಸಿಟ್ಟು ಅದಕ್ಕೇ ಹಾರ ಹಾಕಿದ್ದರು. ಎಡೆಯಲ್ಲಿ ಬೋಂಡ, ಬೀಡಿಕಟ್ಟು. ದೂರದಿಂದ ಬಂದಿದ್ದ ನೆಂಟರ ಮಗುವೊಂದು, ತಾತ ಹೆಂಗಿದ್ರು ಎಂದು ಕೇಳಿತು. ಅದರ ತಾಯಿ, ಎತ್ತರಕ್ಕಿದ್ರು ಅಂದಳು.

ಊಟದ ಪಂಕ್ತಿಯಲ್ಲಿ ನಿಂಗರಾಜ ನನ್ನನ್ನು ಕಂಡು ಸರಿದು ಜಾಗ ಮಾಡಿದ. "ಬನ್ನಿ, ಕೂತ್ಕೊಳ್ಳಿ" ಅಂದ. ಇಪ್ಪತ್ತು ವರ್ಷ ‘ಏನ್ಲಾ’ ಅಂದ ಬಾಯಿ. ಇವತ್ತಿಗೂ ಫೋನು ಮಾಡಿದರೆ "ಹೇಳಿ" ಅನ್ನುತ್ತಾನೆ. ಮರ್ಯಾದೆ ಕೊಟ್ಟು ಮನುಷ್ಯನನ್ನು ಎಷ್ಟು ದೂರ ಕೂರಿಸಬಹುದು ಎಂದು ಆವತ್ತು ಕಲಿತೆ. ಈ ಬೆಲೆಯನ್ನು ಇಳಿಸುವ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಶೆಲ್ ಚೆಂದವಾಗಿಯೇ ಬರಬೇಕೇ ಎಂದು ಈಗ ಯಾರಾದರೂ ಕೇಳಿದರೆ, ಬರಬೇಕು ಅನ್ನುತ್ತೇನೆ. ಬೇಡವಾದವನು ಕಿತ್ತುಹಾಕಿಕೊಳ್ಳಲಿ, ಕಿತ್ತುಹಾಕುವುದು ಅವನಿಗೆ ಗೊತ್ತಿರುತ್ತದೆ. ಆದರೆ ಅದು ಬರುವವರೆಗೆ ನೀವು ಕಾಯಬೇಡಿ. ನಿಮ್ಮ ಹತ್ತಿರ ಎರಡು ಯಂತ್ರಗಳಿದ್ದರೆ ಇವತ್ತೇ ಎರಡಕ್ಕೂ ಬೇರೆ ಬೇರೆ ಹೆಸರಿಡಿ, ಊರಿನ ಹೆಸರಾದರೆ ಒಳ್ಳೆಯದು. ಪರರ ವಸ್ತು ಇರುವ ಯಂತ್ರದಲ್ಲಿ ಹೆಸರು ಕಾಣುವ ಸಾಲಿಗೆ ಕೆಂಪು ಹಚ್ಚಿ. ಹೇಗೆಂದು ತಿಳಿಯದಿದ್ದರೆ ಬಲ್ಲವರನ್ನು ಕೇಳಿ, ಹತ್ತು ನಿಮಿಷದ ಕೆಲಸ. ಯಂತ್ರವನ್ನು ಬೇರೆಯವರಿಗೆ ಕೊಡುವಾಗ ಇದನ್ನೆಲ್ಲ ಮಾಡಿಯೇ ಕೊಡಿ, ಅವರು ಕೇಳುವವರೆಗೆ ನಿಲ್ಲಬೇಡಿ. ಯಾರಾದರೂ ಬಿಡದೆ ಫೋನು ಮಾಡುತ್ತಿದ್ದರೆ ವ್ಯಾಪಾರ ಕೆಟ್ಟರೂ ಎತ್ತಿ. ಮತ್ತೆ ಏನನ್ನಾದರೂ ಅಳಿಸುವ ಮುಂಚೆ, ಅದು ಇನ್ನೊಂದು ಕಡೆ ಇದೆ ಎಂದು ಯಾರು ಹೇಳಿದರೂ, ನೀವೇ ಹೇಳಿಕೊಂಡರೂ ನಂಬಬೇಡಿ. ಆ ಇನ್ನೊಂದು ಕಡೆಗೆ ಹೋಗಿ, ತೆರೆದು, ಒಂದಾದರೂ ಮುಖವನ್ನು ಕಣ್ಣಾರೆ ನೋಡಿ. ಅದು ನಿಮ್ಮನ್ನು ತಿರುಗಿ ನೋಡಿದ ಮೇಲೆ ಎಂಟರ್ ಒತ್ತಿ.